ಸನ್ಮಾನ ಪತ್ರದ ನಾಲ್ಕನೆಯ ಸಾಲು

ಈಗಾಗಲೇ ಎರಡು ಸಲ ಕೈಗಡಿಯಾರ ನೋಡಿಕೊಂಡಿರುವ ಸಂಘದ ಅಧ್ಯಕ್ಷರಾದ ಧರ್ಮಪಾಲ ಅಂಕಲ್ ಅವರೇ, ಊರಿನಿಂದ ವಿಮಾನ ಹತ್ತಿ ಬಂದು ಇನ್ನೂ ನಿದ್ದೆ ತಿಳಿಯದ ಮುಖ್ಯ ಅತಿಥಿಗಳೇ, ನನ್ನ ಹೆಗಲಿಗೆ ಶಾಲು ಹೊದಿಸಿದ ಪದಾಧಿಕಾರಿಗಳೇ, ಶುಕ್ರವಾರದ ರಜೆಯನ್ನು ನನಗೋಸ್ಕರ ಬಿಟ್ಟುಕೊಟ್ಟು ದುಬೈ, ಶಾರ್ಜಾ, ಅಬುಧಾಬಿಗಳಿಂದ ಬಂದ ಸಭಿಕರೇ, ನಿಮಗೆಲ್ಲ ಸ್ಟೇಸಿ ಪಾಯ್ಸ್ ಮಾಡುವ ವಂದನೆಗಳು.

ನನಗೋಸ್ಕರ ಬಂದಿರಿ ಎಂದೆ. ನಿಜವೇ? ಊಟಕ್ಕೆ ಕೋರಿ ರೊಟ್ಟಿ ಉಂಟು ಎಂದು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಮೇಲೆ ಎಷ್ಟು ಮಂದಿ ಹೆಸರು ಕೊಟ್ಟರು ಎಂಬುದು ನನಗೆ ಗೊತ್ತು. ಬೇಸರ ಮಾಡಬೇಡಿ. ನಾನು ಐಸ್ ಹಾಕಿಯ ಗೋಲ್‌ಕೀಪರ್. ನಮ್ಮ ಕೆಲಸಕ್ಕೆ ಮೊದಲು ಬೇಕಾದದ್ದು ಅನುಮಾನ. ಎದುರಾಳಿ ಎಡಕ್ಕೆ ನೋಡಿದರೆ ಬಲಕ್ಕೆ ಹೊಡೆಯುತ್ತಾಳೆ. ನಮ್ಮವಳೇ ನನ್ನ ಮುಂದೆ ಬಂದು ನಿಂತರೂ, ಇವಳು ನನ್ನನ್ನು ಕಾಯಲು ನಿಂತಳೋ, ನನ್ನ ಕಣ್ಣಿಗೆ ಅಡ್ಡ ನಿಂತಳೋ ಎಂದು ಯೋಚಿಸಬೇಕು. ಹದಿನಾರು ವರ್ಷ ಹೀಗೆ ಯೋಚಿಸಿದವಳು ವೇದಿಕೆ ಹತ್ತಿದ ಕೂಡಲೇ ಸಾಧುವಾಗುತ್ತಾಳೆಯೇ? ಶಾಲು ಹೊದಿಸುವಾಗಲೂ ಇದು ಕಳೆದ ವರ್ಷ ಯಾರಿಗೋ ಹೊದಿಸಿದ್ದೇ ಇರಬಹುದೇ ಎಂದು ಅಂಚು ತಿರುಗಿಸಿ ನೋಡಿದೆ. ಹೊಸದೇ. ಕ್ಷಮಿಸಿ ಅಂಕಲ್.

ಬೆಳೆದದ್ದು ದುಬೈಯ ದೇರಾದಲ್ಲಿ. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಮಾಲ್‌ನ ಒಳಗೆ ಮಂಜುಗಡ್ಡೆಯ ನೆಲ. ಜುಲೈ ತಿಂಗಳಲ್ಲಿ ಉಣ್ಣೆಯ ಟೊಪ್ಪಿ ಹಾಕಿಕೊಂಡು ಟ್ಯಾಕ್ಸಿ ಹತ್ತಿದರೆ ಚಾಲಕರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದರು, ಹುಡುಗಿಗೆ ಜ್ವರವೋ ತಲೆ ಕೆಟ್ಟಿದೆಯೋ ಎಂದು. ಅದೇ ನೆಲದ ಮೇಲೆ ಕಲಿತು ಭಾರತದ ಮಹಿಳಾ ತಂಡದ ಗೋಲು ಕಾದೆ. ಇದನ್ನೆಲ್ಲ ಈಗಷ್ಟೇ ನಿರೂಪಕಿ ಜೆಸ್ಸಿ ಸನ್ಮಾನ ಪತ್ರದಲ್ಲಿ ಚೆನ್ನಾಗಿ ಓದಿದರು. ನನಗೆ ತಕರಾರು ಇರುವುದು ಅದರ ನಾಲ್ಕನೆಯ ಸಾಲಿನ ಬಗ್ಗೆ.

ಓದುತ್ತೇನೆ ಕೇಳಿ. 'ಸ್ವಂತ ತಂಡದ ಆಟಗಾರ್ತಿಯೇ ಹೂಡಿದ ಸಂಚಿಗೆ ಎದೆಗುಂದದೆ ದೇಶದ ಗೋಲು ಕಾದ ಧೀರೆ.' ನೀವು ಅತಿ ಹೆಚ್ಚು ಚಪ್ಪಾಳೆ ತಟ್ಟಿದ್ದೂ ಇದಕ್ಕೇ. ಇದನ್ನು ಬರೆಸಿದವರು ಯಾರು ಎಂದು ಆಗಲೇ ಅಧ್ಯಕ್ಷರ ಕಿವಿಯಲ್ಲಿ ಕೇಳಿದೆ. "ಎಲ್ಲರಿಗೂ ಗೊತ್ತಿದ್ದದ್ದೇ ಅಲ್ವಾ ಮಾರಾಯ್ತಿ," ಎಂದರು. ಎಲ್ಲರಿಗೂ ಹೇಗೆ ಗೊತ್ತಾಯಿತು? ನಾನು ಹೇಳಿದ್ದರಿಂದ. ಈ ಪತ್ರಕ್ಕೆ ಚೌಕಟ್ಟು ಹಾಕಿಸಿದ್ದೀರಿ, ಗಾಜು ಹಾಕಿಸಿದ್ದೀರಿ. ನಮ್ಮ ಮನೆಯ ಗೋಡೆಗೆ ಇದನ್ನು ತೂಗು ಹಾಕುವ ಮೊದಲು ಆ ಒಂದು ಸಾಲು ತೆಗೆಸಿ ಕೊಡಿ. ಇಷ್ಟು ಹೇಳಿ ಕೂರಬೇಕೆಂದೇ ಎದ್ದು ನಿಂತದ್ದು.

ಆದರೆ ಯಾಕೆ ಎಂದು ನೀವು ಕೇಳುತ್ತೀರಿ. ಕೇಳದಿದ್ದರೂ ಊಟದ ಸಾಲಿನಲ್ಲಿ ನಿಂತು ಮಾತಾಡಿಕೊಳ್ಳುತ್ತೀರಿ.

2015ರ ಡಿಸೆಂಬರ್. ಕೊಲ್ಲಿಯಲ್ಲಿ ಬೆಳೆದ ಹುಡುಗಿಯರಲ್ಲಿ ಒಬ್ಬ ಗೋಲ್‌ಕೀಪರ್‌ಳನ್ನು ಭಾರತ ತಂಡಕ್ಕೆ ಆರಿಸಲು ಇಲ್ಲಿಯೇ ಒಂದು ಪಂದ್ಯ ಇಟ್ಟಿದ್ದರು. ನಮ್ಮ ಕ್ಲಬ್ಬಿನಲ್ಲಿ ಗೋಲ್‌ಕೀಪರುಗಳು ಇಬ್ಬರು, ಆ ಆಯ್ಕೆಗೆ ನಿಂತವರೂ ಇಬ್ಬರೇ. ನಾನು ಮತ್ತು ಜಾನಿಸ್. ಜಾನಿಸ್‌ಳ ಮನೆಯವರೂ ನಮ್ಮ ಮಂಗಳೂರು ಕಡೆಯವರೇ, ಬಜ್ಪೆಯವರು. ಒಂದೇ ಚರ್ಚು, ಒಂದೇ ಕ್ಲಬ್ಬು, ಇಬ್ಬರಿಗೂ ಸೇರಿ ಒಂದೇ ಲಾಕರ್, ಎರಡು ಬೀಗದ ಕೈ. ಬೇಕಾದ ಜಾಗ ಮಾತ್ರ ಒಂದೇ. ಅವಳು ನನ್ನ ಸ್ನೇಹಿತೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಅಭ್ಯಾಸ ಮುಗಿದ ಮೇಲೆ ನನ್ನ ಪ್ಯಾಡಿನ ಪಟ್ಟಿಗಳನ್ನು ಅವಳೇ ಕುಳಿತು ಬಿಚ್ಚಿಕೊಡುತ್ತಿದ್ದಳು. ಇಷ್ಟು ಒಳ್ಳೆಯವಳಾಗಿರಲು ಇವಳಿಗೆ ಏನು ಲಾಭ ಎಂದು ನಾನು ಅವಳ ನೆತ್ತಿ ನೋಡುತ್ತ ಕೂರುತ್ತಿದ್ದೆ.

ಆ ಪಂದ್ಯದಲ್ಲಿ ನಾನು ನಿಲ್ಲಲೇ ಆಗಲಿಲ್ಲ. ಸ್ಕೇಟಿನ ಅಲಗಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗುಳಿ ಇರುತ್ತದೆ. ಆ ಗುಳಿಯ ಎರಡು ಅಂಚುಗಳೇ ಮಂಜನ್ನು ಕಚ್ಚಿ ಹಿಡಿಯುವುದು. ನನ್ನ ಅಲಗಿನಲ್ಲಿ ಗುಳಿಯೇ ಇರಲಿಲ್ಲ. ಯಾರೋ ಅದನ್ನು ಸಪಾಟಾಗಿ ಉಜ್ಜಿ ನುಣ್ಣಗೆ ಮಾಡಿದ್ದರು. ಎಡಕ್ಕೆ ಹೊರಟರೆ ಎಡಗಡೆಯ ಗೋಡೆಯ ತನಕ ಜಾರಿಕೊಂಡು ಹೋಗುತ್ತಿದ್ದೆ. ಹತ್ತು ನಿಮಿಷದಲ್ಲಿ ನಾಲ್ಕು ಗೋಲು. ಲಾಕರಿನ ಇನ್ನೊಂದು ಬೀಗದ ಕೈ ಯಾರ ಬಳಿ ಇತ್ತು? ಜಾಗ ಯಾರಿಗೆ ಬೇಕಿತ್ತು? ಅಂದೇ ಕ್ಲಬ್ಬಿಗೆ ಲಿಖಿತ ದೂರು ಕೊಟ್ಟೆ. ಜಾನಿಸ್‌ಳನ್ನು ಒಂದು ವರ್ಷ ಹೊರಗಿಟ್ಟರು. ಮರುವಾರ ಪಂದ್ಯ ಮತ್ತೆ ನಡೆಯಿತು. ಒಬ್ಬಳೇ ಇದ್ದೆ, ಆಯ್ಕೆಯಾದೆ. ನೀವು ಇಂದು ಶಾಲು ಹೊದಿಸಿದ್ದು ಆ ಆಯ್ಕೆಗೆ. ಜಾನಿಸ್ ಮತ್ತೆ ಯಾವತ್ತೂ ಮಂಜಿನ ಮೇಲೆ ಕಾಲಿಡಲಿಲ್ಲ.

ಈಗ ನಿಮ್ಮ ಮುಂದೆ ಹೇಳುತ್ತೇನೆ, ಆ ಕೆಲಸ ಮಾಡಿದವಳು ಜಾನಿಸ್ ಅಲ್ಲ. ಮಾಡಿದವರು ಬೇರೆ ಒಬ್ಬರು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹೆಸರು ಬೇಡ. ಮೂರು ವಾರದ ಹಿಂದೆ ದೇರಾದ ಹಳೆಯ ಪೇಟೆ ನೈಫ್‌ಗೆ ಹೋಗಿದ್ದೆ. ಅಲ್ಲಿ ಒಂದು ಓಣಿಯಲ್ಲಿ ಕತ್ತಿಗಳಿಗೆ ಸಾಣೆ ಹಿಡಿಯುವ ಮುದುಕರೊಬ್ಬರು ಇದ್ದಾರೆ. ನಮ್ಮ ಮಂಗಳೂರಿನ ಹೆಂಗಸರಿಗೆಲ್ಲ ಅವರ ಗುರುತು ಉಂಟು, ಮೀನು ಕೊಯ್ಯುವ ಮೆಟ್ಟುಕತ್ತಿಯನ್ನು ಅವರ ಹಾಗೆ ಹರಿತ ಮಾಡುವವರು ದೇರಾದಲ್ಲೇ ಇಲ್ಲ. ಮೊಣಕಾಲು ನೋವೆಂದು ಮಮ್ಮಿ ತನ್ನ ಕತ್ತಿಯನ್ನು ಈ ಸಲ ನನ್ನ ಕೈಯಲ್ಲಿ ಕೊಟ್ಟು ಕಳುಹಿಸಿದ್ದರು. ಆ ಮುದುಕರು ಕತ್ತಿಯ ಗುರುತು ಹಿಡಿದು ಕೇಳಿದರು, "ಬೇಟಿ, ಮೇಡಂ ಆ ಬರ್ಫ್ ಕಾ ಜೂತಾ, ಮಂಜಿನ ಬೂಟು, ಮತ್ತೆ ತರಲೇ ಇಲ್ಲವಲ್ಲ? ಮಧ್ಯೆ ಸವೆದು ಗುಂಡಿ ಬಿದ್ದಿತ್ತು, ಎಷ್ಟು ಕಷ್ಟಪಟ್ಟು ಸಪಾಟು ಮಾಡಿ ಕೊಟ್ಟಿದ್ದೆ!"

ಅಯ್ಯೋ. ಹೇಳಿಬಿಟ್ಟೆನಲ್ಲ.

ಹೆಸರು ಬೇಡವೆಂದೇ ಬಂದಿದ್ದೆ. ಇರಲಿ. ಮುಂದಿನ ಸಾಲಿನಲ್ಲಿ ನೀಲಿ ಸೀರೆಯಲ್ಲಿ ಕುಳಿತಿರುವವರು ನನ್ನ ಮಮ್ಮಿ, ಮೆಟಿಲ್ಡಾ ಪಾಯ್ಸ್. ಯಾರೂ ಅವರ ಕಡೆ ಹಾಗೆ ತಿರುಗಿ ನೋಡಬೇಡಿ ದಯವಿಟ್ಟು. ಪಂದ್ಯದ ಮುನ್ನಾ ದಿನ ಸ್ಕೇಟು ಮನೆಗೆ ಬಂದು ಮತ್ತೆ ಲಾಕರಿಗೆ ಹೋದದ್ದು ನನ್ನ ನೆನಪಿನಲ್ಲೇ ಇರಲಿಲ್ಲ. ಮಗಳ ಅಲಗು ಸವೆದಿದೆ ಎಂದು ಕಂಡಿತು, ಸಾಣೆ ಹಿಡಿಸಿದರು. ಅಡುಗೆಮನೆ ನಡೆಸುವ ಯಾವ ಹೆಂಗಸು ತಾನೇ ಬಾಯಿಯಲ್ಲಿ ಗುಳಿ ಬಿದ್ದ ಕತ್ತಿಯನ್ನು ಹಾಗೇ ಬಿಡುತ್ತಾಳೆ?

ಆದರೆ ನನ್ನ ಅನುಮಾನ ಅಲ್ಲಿಗೇ ನಿಲ್ಲುವುದಿಲ್ಲ. ನನ್ನ ಹುಟ್ಟುಗುಣ ಏನು ಮಾಡಲಿ? ಆ ವರ್ಷದಿಂದ ಇಂದಿನ ತನಕ ಪ್ರತಿ ಕ್ರಿಸ್‌ಮಸ್ಸಿಗೆ ನಮ್ಮ ಮನೆಯ ಮೊದಲ ಕುಸ್ವಾರ್ ಹೋಗುವುದು ಜಾನಿಸ್‌ಳ ಮನೆಗೆ. ನೇವ್ರಿ, ಕಿಡಿಯೊ, ಗುಳಿಯೊ, ಹೀಗೆ ಹಬ್ಬದ ತಿಂಡಿಗಳೆಲ್ಲ ತುಂಬಿದ ದೊಡ್ಡ ತಟ್ಟೆ. ಅತ್ತೆಯಂದಿರಿಗೆ ಕೂಡ ಆಮೇಲೆಯೇ. "ನನ್ನ ಕಾಲು ಮುರಿಯಲು ನೋಡಿದವಳಿಗೆ ಕುಸ್ವಾರ್ ಯಾಕೆ ಮಮ್ಮಿ?" ಎಂದು ಜಗಳ ಮಾಡಿದ್ದೇನೆ. "ಪಾಪ, ಅವಳೂ ಒಂದು ಮಗು ಅಲ್ವಾ," ಎಂದು ಮಮ್ಮಿ ಮುಖ ತಿರುಗಿಸಿ ಪಾತ್ರೆ ತೊಳೆಯಲು ಹೋಗುತ್ತಿದ್ದರು. ಮಮ್ಮಿಗೆ ಯಾವಾಗ ಗೊತ್ತಾಯಿತು? ಅದೇ ವಾರವೇ? ಮರುವರ್ಷವೇ? ಮೂರು ವಾರದಿಂದ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದೇವೆ. ನಾನು ಕೇಳಿಲ್ಲ, ಅವರು ಹೇಳಿಲ್ಲ.

ಮಮ್ಮಿಯ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುತ್ತಿದ್ದೇನೆ ಎಂದು ನಿಮಗೆ ಅನಿಸಬಹುದು. ಅನಿಸಬೇಕು. ಸ್ಕೇಟ್ ಕಟ್ಟಿಕೊಳ್ಳುವ ಮೊದಲು ಅಲಗಿನ ಮೇಲೆ ಉಗುರು ಎಳೆದು ನೋಡುವುದು ನಮ್ಮಲ್ಲಿ ಎಲ್ಲರ ರೂಢಿ. ಅಂದು ನಾನೂ ಎಳೆದೆ. ಉಗುರು ಎಲ್ಲೂ ತಡೆಯಲಿಲ್ಲ. ನನಗೆ ಮಂಜಿಗೆ ಇಳಿಯುವ ಮೊದಲೇ ಗೊತ್ತಿತ್ತು. ಕೋಚ್‌ಗೆ ಒಂದು ಮಾತು ಹೇಳಿದ್ದರೆ ರಿಂಕಿನಲ್ಲೇ ಯಂತ್ರ ಇತ್ತು, ಹತ್ತು ನಿಮಿಷದಲ್ಲಿ ಸರಿಮಾಡಿ ಕೊಡುತ್ತಿದ್ದರು. ಯಾಕೆ ಹೇಳಲಿಲ್ಲ? ಹೇಳಿದರೆ ಅಲಗು ಸರಿಯಾಗುತ್ತಿತ್ತು, ಜಾನಿಸ್ ಸಿಕ್ಕಿಬೀಳುತ್ತಿರಲಿಲ್ಲ. ಅವಳು ಎಲ್ಲರೆದುರು ಸಿಕ್ಕಿಬೀಳಲಿ ಎಂದೇ ಇಳಿದೆ. ಅವಳು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಪಾಪನಿವೇದನೆಯಲ್ಲಿ ಫಾದರ್‌ಗೂ ಹೇಳಿರಲಿಲ್ಲ.

ಕಳೆದ ಶನಿವಾರ ಅಬುಧಾಬಿಗೆ ಹೋದೆ. ಜಾನಿಸ್ ಈಗ ಖಾಲಿದಿಯಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಕೆಳಗಿನ ಕೆಫೆಟೇರಿಯಾದಲ್ಲಿ ಕರಕ್ ಚಹಾ ಮುಂದಿಟ್ಟುಕೊಂಡು ಎಲ್ಲ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನಕ್ಕಳು.

"ನಾಲ್ಕು ವರ್ಷದಿಂದ ನಾನು ಎಂತ ಗ್ರಹಿಸಿದ್ದೆ ಗೊತ್ತುಂಟಾ? ನೀನೇ ಮಾಡಿಕೊಂಡದ್ದು ಅಂತ. ನನ್ನನ್ನು ಹೊರಗೆ ಹಾಕ್ಲಿಕ್ಕೆ. ಈಗ ಸನ್ಮಾನ ಬಂತು, ಅದಕ್ಕೆ ಮೆಟಿಲ್ಡಾ ಆಂಟಿಯ ತಲೆಗೆ ಕಟ್ಲಿಕ್ಕೆ ಬಂದಿದ್ದಿ. ಪಾಪದವರು ಸಿಕ್ಕಿದ್ರಲ್ಲ ನಿಂಗೆ!"

ನಾನು ದೇವಮಾತೆಯ ಮೇಲೆ ಆಣೆ ಹಾಕಿದೆ. ಅವಳು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದಳು. "ನಿನ್ನ ಬಾಯಿಂದ ಬಂದದ್ದನ್ನು ನಂಬುವುದು ನನಗೆ ಖಲಾಸ್ ಆಗಿದೆ ಸ್ಟೇಸಿ. ಆಂಟಿ ಹೇಳಲಿ, ನಂಬ್ತೇನೆ. ಆದ್ರೆ ಅವರು ಹೇಳುವುದಿಲ್ಲ. ಮಗಳ ಮರ್ಯಾದೆ ಬಿಟ್ಟು ಯಾವ ಅಮ್ಮ ಹೇಳ್ತಾಳೆ?"

ಈ ಪ್ರಶ್ನೆ ಹಿಡಿದುಕೊಂಡೇ ದುಬೈಗೆ ಮರಳಿದೆ, ಸಭಿಕರೇ. ಮನೆಯಲ್ಲಿ ಕೇಳಲು ಧೈರ್ಯ ಸಾಲಲಿಲ್ಲ. ಮೈಕಿನ ಮುಂದೆ ನಿಂತರೆ ಬರುವ ಧೈರ್ಯ ಊಟದ ಮೇಜಿನಲ್ಲಿ ಯಾಕೆ ಬರುವುದಿಲ್ಲವೋ. ನಾನು ಆ ದೂರನ್ನು ಹಿಂದಕ್ಕೆ ಪಡೆದು ಕ್ಲಬ್ಬಿಗೆ ಪತ್ರ ಬರೆದಿದ್ದೇನೆ. ಅದನ್ನೂ ಜಾನಿಸ್ ನಾಟಕ ಎನ್ನುತ್ತಾಳೆ. ನಾನು ಅವಳ ಜಾಗದಲ್ಲಿದ್ದರೂ ಹಾಗೇ ಅನ್ನುತ್ತಿದ್ದೆ.

ಅಧ್ಯಕ್ಷರು ಮುಗಿಸಲು ಚೀಟಿ ಕಳುಹಿಸಿದ್ದಾರೆ. ಮುಗಿಸುತ್ತೇನೆ ಅಂಕಲ್, ಒಂದೇ ನಿಮಿಷ.

ಮಮ್ಮಿ, ಯಾಕೆ ಎದ್ದಿರಿ? ಕೂತ್ಕೊಳ್ಳಿ ಮಮ್ಮಿ. ಮನೆಗೆ ಹೋಗುತ್ತೀರಾ? ತಪ್ಪಾಯಿತು, ಎಲ್ಲರೆದುರು ಹೀಗೆ ಹೇಳಬಾರದಿತ್ತು. ಬಾಗಿಲು ಆ ಕಡೆ... ಇಲ್ಲ, ಬಾಗಿಲ ಕಡೆಗೆ ಹೋಗುತ್ತಿಲ್ಲ. ಮೊಣಕಾಲು ಹಿಡಿದುಕೊಂಡು ವೇದಿಕೆಯ ಮೆಟ್ಟಿಲಿನ ಕಡೆಗೇ ಬರುತ್ತಿದ್ದಾರೆ. ಯಾರಾದರೂ ಅವರ ಕೈ ಹಿಡಿಯಿರಿ. ಬೇಡ, ಬೇಡವಂತೆ, ಬಿಡಿ.

ವಿಡಿಯೊ ತೆಗೆಯುತ್ತಿರುವ ಅಣ್ಣನಲ್ಲಿ ವಿನಂತಿ, ಕ್ಯಾಮೆರಾ ನಿಲ್ಲಿಸಬೇಡಿ. ಧರ್ಮಪಾಲ ಅಂಕಲ್, ಅವರಿಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ, ಕನ್ನಡವೂ ತಡವರಿಸುತ್ತದೆ. ಕೊಂಕಣಿಯಲ್ಲೇ ಹೇಳಲಿ. ವಿಡಿಯೊ ನೋಡುವಾಗ ಜಾನಿಸ್‌ಗೆ ಅರ್ಥವಾಗುತ್ತದೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದ. ಮೈಕು ಮಮ್ಮಿಗೆ ಕೊಡುತ್ತಿದ್ದೇನೆ. ನಮಸ್ಕಾರ.