ಮುಚ್ಚದ ಟೈರ್ ಅಂಗಡಿ, ತೆರೆಯದ ಶೌಚಾಲಯ

ಹೆದ್ದಾರಿಯಲ್ಲಿ ಎಲ್ಲರೂ ಟೈರ್ ಮಾಮ ಎಂದು ಕರೆಯುವ ನಾನು, ವಯಸ್ಸು ಐವತ್ತೆಂಟು, ಕಸುಬು ಟೈರ್ ಮತ್ತು ಪಂಕ್ಚರ್ ಕೆಲಸ, ಅಂಗಡಿ ಸ್ವಂತದ್ದು, ಓದು ಊರಿನ ಶಾಲೆಯಲ್ಲಿ ಏಳನೇ ತರಗತಿ ಪಾಸು, ವಾಸ ಅಂಗಡಿಯ ಹಿಂದಿನ ಎರಡು ಕೋಣೆ. ನನ್ನ ತಂಗಿಯ ಗಂಡ ನನ್ನ ಮೇಲೆ ಕೊಟ್ಟಿರುವ ದೂರಿನ ಸಂಬಂಧ ಠಾಣೆಗೆ ಕರೆಸಿದ್ದರಿಂದ ಬಂದು, ಕುರ್ಚಿ ಕೊಟ್ಟಿದ್ದರಿಂದ ಕೂತು, ಈ ಮೂಲಕ ತಿಳಿಸುವುದೇನೆಂದರೆ:

ಟೈರನ್ನು ಬೆರಳಿನಿಂದ ತಟ್ಟಿ, ಸಪ್ಪಳ ಕೇಳಿ, ಗಾಳಿ ಎಷ್ಟಿದೆ ಎಂದು ಹೇಳಬಲ್ಲವನು ಈ ರಸ್ತೆಯಲ್ಲಿ ನಾನೊಬ್ಬನೇ. ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಗಿರಲಿ ಎಂದು ಹೇಳುತ್ತಿದ್ದೇನೆ. ದೂರುದಾರನೂ ನನ್ನ ಅಂಗಡಿಯಲ್ಲೇ ಆರು ವರ್ಷ ಕೆಲಸ ಕಲಿತವನು. ಆಮೇಲೆ ಅದೇ ಹೆದ್ದಾರಿಯಲ್ಲಿ ಒಂದೂವರೆ ಕಿಲೋಮೀಟರ್ ಮುಂದೆ ತನ್ನದೇ ಟೈರ್ ಅಂಗಡಿ ಹಾಕಿಕೊಂಡ. ನಾನು ಬೇಸರ ಮಾಡಿಕೊಳ್ಳಲಿಲ್ಲ. ಶುಭವಾಗಲಿ ಎಂದು ಒಂದು ಜಾಕಿಯನ್ನೂ ಉಡುಗೊರೆ ಕೊಟ್ಟೆ. ಅದನ್ನು ಅವನು ಈವರೆಗೆ ಹಿಂತಿರುಗಿಸಿಲ್ಲ.

ಈ ವರ್ಷದ ಆರಂಭದಿಂದ ನನ್ನ ಗಿರಾಕಿಗಳು ಕಡಿಮೆಯಾಗುತ್ತ ಬಂದು, ಕೊನೆಗೆ ಹಳೆಯ ಪರಿಚಯದವರು ಮಾತ್ರ ಉಳಿದರು. ಹೊರಗಿನ ಗಾಡಿ ಒಂದೂ ನಿಲ್ಲುತ್ತಿರಲಿಲ್ಲ. ನನ್ನ ಹೆಂಡತಿ ಅಕ್ಕಪಕ್ಕದವರ ಬಟ್ಟೆ ಹೊಲಿಯಲು ಕೂತಳು. ಕಂಪ್ರೆಸರ್ ಮಾರೋಣವೇ ಎಂಬ ಮಾತು ಮನೆಯಲ್ಲಿ ಎರಡು ಸಲ ಬಂತು. ಎರಡು ಸಲವೂ ನಾನು ಊಟದಿಂದ ಎದ್ದೆ.

ಹೀಗಿರುವಾಗ ಕಳೆದ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಒಬ್ಬ ಲಾರಿ ಚಾಲಕ ಗಾಳಿ ಹೋದ ಟೈರಿನಲ್ಲೇ ಲಾರಿಯನ್ನು ಕುಂಟಿಸುತ್ತ ನನ್ನ ಅಂಗಡಿಯನ್ನು ದಾಟಿ ಹೋಗುತ್ತಿದ್ದ. ನಾನು ಓಡಿ ಹೋಗಿ ಅಡ್ಡ ನಿಂತು, ಕಣ್ಣೆದುರೇ ಅಂಗಡಿ ಇರುವಾಗ ಯಾಕಪ್ಪ ದಾಟಿ ಹೋಗುತ್ತೀಯ ಎಂದು ಕೇಳಿದೆ. ಅವನು ಫೋನಿನ ನಕ್ಷೆ ತೋರಿಸಿದ. ಅದರಲ್ಲಿ ನನ್ನ ಅಂಗಡಿಯ ಕೆಳಗೆ ಕೆಂಪಕ್ಷರದಲ್ಲಿ ‘ಶಾಶ್ವತವಾಗಿ ಮುಚ್ಚಲಾಗಿದೆ’ ಎಂದಿತ್ತು. ನಾನು ಎದುರಿಗೇ ನಿಂತಿದ್ದೇನಲ್ಲ ಎಂದೆ.

“ನಿಂತಿದೀರಿ ಮಾಮ, ನಂಗೂ ಕಾಣ್ತಿದೆ. ಆದ್ರೆ ಇದ್ರಲ್ಲಿ ನೀವಿಲ್ವಲ್ಲ” ಎಂದ. ಮುಂದಿನ ಅಂಗಡಿಗೆ ಒಂದೂವರೆ ಕಿಲೋಮೀಟರ್ ಎಂದು ಫೋನು ಹೇಳಿತು. ಅವನು ಅಲ್ಲಿಗೇ ಹೋದ.

ಕೆಂಪಕ್ಷರದ ಪಕ್ಕದಲ್ಲಿ ಪುರಾವೆಗೆಂದು ಒಂದು ಚಿತ್ರ ಹಾಕಿದ್ದರು. ನನ್ನ ಅಂಗಡಿಯ ಷಟರ್ ಎಳೆದಿತ್ತು, ಬೀಗ ಬಿದ್ದಿತ್ತು. ಹಗಲು ಹೊತ್ತಿನಲ್ಲಿ ನಾನು ಷಟರ್ ಎಳೆದದ್ದು ಕಳೆದ ವರ್ಷ ಒಂದೇ ದಿನ, ತಂಗಿಗೆ ಹೊಟ್ಟೆಯ ಆಪರೇಷನ್ ಆದ ದಿನ. ಆಸ್ಪತ್ರೆಯಲ್ಲಿ ಆಕೆಗೆ ರಕ್ತ ಬೇಕೆಂದಾಗ ಕೊಟ್ಟವನು ನಾನು. ನಾನು ಮಂಚದ ಮೇಲೆ ಮಲಗಿ ಮುಷ್ಟಿ ಬಿಗಿದು ಸಡಿಲಿಸುತ್ತಿದ್ದಾಗ ಆಕೆಯ ಗಂಡ ಔಷಧಿ ತರುತ್ತೇನೆಂದು ಹೊರಗೆ ಹೋಗಿದ್ದ. ಬಹಳ ಹೊತ್ತಾದ ಮೇಲೆ ಬಂದು, ಔಷಧಿ ಅಂಗಡಿಯಲ್ಲಿ ಜನ ಜಾಸ್ತಿ ಭಾವ ಎಂದಿದ್ದ. ಚಿತ್ರದ ಎಡಮೂಲೆಯಲ್ಲಿ ತೆಗೆದವನ ಹೆಬ್ಬೆರಳು ಅಡ್ಡ ಬಂದಿದೆ. ಅದರ ಉಗುರು ಕಪ್ಪು. ಟೈರ್ ಕಳಚುವ ಕಬ್ಬಿಣ ಜಾರಿ ದೂರುದಾರನ ಆ ಬೆರಳು ಜಜ್ಜಿದ್ದು ನನ್ನ ಅಂಗಡಿಯಲ್ಲಿ. ಬಟ್ಟೆ ಸುತ್ತಿದವನೂ ನಾನೇ.

ಮೊದಲು ನಾನು ಕ್ರಮವಾಗಿಯೇ ನಡೆದುಕೊಂಡೆ. ಅಂಗಡಿ ತೆರೆದಿದೆ ಎಂದು ನಕ್ಷೆಗೆ ಒಂಬತ್ತು ಸಲ ತಿಳಿಸಿದೆ. ಪರಿಶೀಲಿಸುತ್ತಿದ್ದೇವೆ ಎಂಬ ಒಂದೇ ಉತ್ತರ ಒಂಬತ್ತು ಸಲ ಬಂತು. ಬಳಿಕ ಪೇಟೆಯಲ್ಲಿ ಅಂಗಡಿಗಳ ಮಾಹಿತಿಯನ್ನು ಅಂತರ್ಜಾಲಕ್ಕೆ ಏರಿಸಿಕೊಡುವ ಒಂದು ಕಚೇರಿಗೆ ಹೋದೆ. ಅಲ್ಲಿನ ಹೆಣ್ಣುಮಗಳು ಕುಡಿಯಲು ನೀರು ಕೊಟ್ಟು ವಿವರಿಸಿದರು. ಮಾಹಿತಿಯೆಲ್ಲ ಕ್ಲೌಡ್‌ನಲ್ಲಿ, ಅಂದರೆ ದೂರದೂರದ ಕಟ್ಟಡಗಳಲ್ಲಿ ಜೋಡಿಸಿಟ್ಟ ಯಂತ್ರಗಳಲ್ಲಿ ಇರುತ್ತದಂತೆ. ಒಂದು ಜಾಲತಾಣದ ಮಾಹಿತಿಯನ್ನು ಇನ್ನೊಂದು ತಾನಾಗಿ ನಕಲು ಮಾಡಿಕೊಳ್ಳುತ್ತದಂತೆ, ಅದರಿಂದ ಮತ್ತೊಂದು. ನನ್ನ ಅಂಗಡಿ ಆಗಲೇ ಹದಿನೇಳು ಕಡೆ ಮುಚ್ಚಿಹೋಗಿತ್ತು.

“ಒಂದು ಕಡೆ ಸತ್ರೆ ಎಲ್ಲಾ ಕಡೆನೂ ಸತ್ತ ಹಾಗೇ ಮಾಮ. ಬದುಕ್ಬೇಕು ಅಂದ್ರೆ ಮಾತ್ರ ಒಂದೊಂದು ಕಡೆಗೂ ಬೇರೆ ಬೇರೆ ಅರ್ಜಿ ಹಾಕ್ಬೇಕು” ಎಂದರು.

ಹಾಗಾದರೆ ಒಂದು ಕಡೆ ಹುಟ್ಟಿದ್ದು ಎಲ್ಲ ಕಡೆಯೂ ಹುಟ್ಟುತ್ತದೆಯೇ ಎಂದು ನಾನು ಕೇಳಿದೆ. ಹುಟ್ಟುತ್ತದೆ ಎಂದರು. ಅವರಿಗೆ ಕೈಮುಗಿದು ಬಂದೆ. ನನ್ನ ಉದ್ದೇಶ ಅವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಅವರನ್ನು ಠಾಣೆಗೆ ಕರೆಸಬಾರದೆಂದು ಕೋರುತ್ತೇನೆ.

ಅದೇ ದಿನ ಮಧ್ಯಾಹ್ನ ಊಟ ಮಾಡಿ, ಕೈ ತೊಳೆದು, ನನ್ನ ಸ್ವಂತ ಬೆರಳಿನಿಂದ, ದೂರುದಾರನ ಮನೆಯನ್ನು ನಕ್ಷೆಯಲ್ಲಿ ‘ಉಚಿತ ಸಾರ್ವಜನಿಕ ಶೌಚಾಲಯ’ ಎಂದು ಸೇರಿಸಿದೆ. ಮನೆ ಹೆದ್ದಾರಿಗೆ ಅಂಟಿಕೊಂಡೇ ಇದೆ. ದಿನವಿಡೀ ತೆರೆದಿರುತ್ತದೆ, ಬಿಸಿನೀರಿದೆ, ಬಸ್ಸು ನಿಲ್ಲಿಸಲು ಜಾಗವಿದೆ ಎಂದು ಬರೆದೆ. ಹೊಸ ಬಚ್ಚಲಿಗೆ ಬಿಳಿ ಟೈಲ್ಸ್ ಹಾಕಿಸಿದಾಗ ದೂರುದಾರನೇ ಹೆಮ್ಮೆಯಿಂದ ಕಳಿಸಿದ್ದ ಚಿತ್ರಗಳನ್ನು ಹಾಕಿದೆ. ಅವನ ಅಂಗಡಿಯನ್ನೇ ಮುಚ್ಚಿಸಬಹುದಿತ್ತಲ್ಲ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದರು. ಅಂಗಡಿಗೆ ಅಂಗಡಿ ಎಂದರೆ ಸರಿಸಮ ಆಗುತ್ತಿತ್ತು. ನನಗೆ ಸರಿಸಮ ಬೇಕಿರಲಿಲ್ಲ.

ನಾಲ್ಕನೇ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಮೊದಲ ಬಸ್ಸು ನಿಂತಿತು. ಈ ಸಂಗತಿ ನನಗೆ ತಂಗಿಯಿಂದ ತಿಳಿದದ್ದು. ಮೊದಲು ಗೇಟು ತೆರೆದವರು ಒಬ್ಬ ಮುದುಕಿ. ಅವಸರಕ್ಕೆ ಮಾತಾಡುವ ಸ್ಥಿತಿಯಲ್ಲಿರಲಿಲ್ಲವಂತೆ. ದೂರುದಾರ ತಟ್ಟೆ ಕೈಯಲ್ಲಿ ಹಿಡಿದು, ಇದು ಸಂಸಾರಸ್ಥರ ಮನೆ ಎಂದು ಕೂಗಾಡಿದ. ತಂಗಿ ಅವನನ್ನು ಪಕ್ಕಕ್ಕೆ ಸರಿಸಿ ಮುದುಕಿಯನ್ನು ಒಳಗೆ ಕರೆದಳು. ಒಬ್ಬರನ್ನು ಬಿಟ್ಟ ಮೇಲೆ ಉಳಿದವರನ್ನು ತಡೆಯಲಾಗಲಿಲ್ಲ. ಹೋಗುವಾಗ ಅವರು ಫೋನಿನಲ್ಲಿ ಹೊಗಳಿ ಬರೆದರು. ಅಲ್ಲಿನ ಅಕ್ಕ ಬಹಳ ಒಳ್ಳೆಯವರು, ಯಜಮಾನರು ಸ್ವಲ್ಪ ಸಿಡುಕು, ಆದರೆ ಜಾಗ ಬಲು ಸ್ವಚ್ಛ ಎಂದು ಬರೆದಿದ್ದನ್ನು ನಾನು ಹೆಂಡತಿಗೂ ಓದಿ ಹೇಳಿದೆ. ಮಾರನೆಯ ದಿನ ಬಸ್ಸು ಮೂರಾದವು.

ತಂಗಿ ನನಗೆ ಫೋನು ಮಾಡಿ, “ಅಣ್ಣ, ಇದು ನಿನ್ನ ಕಿತಾಪತಿ ತಾನೆ?” ಎಂದಳು. ಹೌದು ಎಂದೆ. ಷಟರಿನ ಚಿತ್ರವನ್ನು ಕಳಿಸಿ, ಇದನ್ನು ಯಾವತ್ತು ತೆಗೆದದ್ದು ಎಂದು ನಿನ್ನ ಗಂಡನನ್ನೇ ಕೇಳು ಎಂದೆ. ಅವನನ್ನು ಕೂರಿಸಿ ಕೇಳಿದಳಂತೆ. ಅವನು ಒಪ್ಪಿಕೊಂಡನಂತೆ. ಆಕೆ ಅಳಲಿಲ್ಲ, ಬೈಯಲಿಲ್ಲ. ಒಳಗಿನಿಂದ ಬಕೆಟ್ಟು, ಬ್ರಷ್ಷು ತಂದು ಅವನ ಮುಂದಿಟ್ಟು,

“ನೀವು ಮುಚ್ಚಿದ್ರಿ, ಅವನು ತೆರೆದ. ಈಗ ತೊಳೀರಿ” ಎಂದಳಂತೆ.

ಅಂದಿನಿಂದ ದೂರುದಾರ ತೊಳೆಯುತ್ತಿದ್ದಾನೆ. ಅಂಗಡಿಗೆ ಹೋಗಲು ಅವನಿಗೆ ಪುರಸೊತ್ತಾಗುತ್ತಿಲ್ಲ. ದೂರಿನಲ್ಲಿ ಮಾನಸಿಕ ಹಿಂಸೆ ಎಂದು ಬರೆದಿರುವುದು ಇದೇ.

ಇಂದು ಠಾಣೆಯಲ್ಲಿ ಇಬ್ಬರನ್ನೂ ಎದುರು ಕೂರಿಸಿ, ಅವರವರು ಮಾಡಿದ್ದನ್ನು ಅವರವರೇ ಅಳಿಸಬೇಕೆಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದರು. ದೂರುದಾರ ಆ ಹೆಬ್ಬೆರಳಿನಿಂದಲೇ ನನ್ನ ಅಂಗಡಿ ತೆರೆದಿದೆ ಎಂದು ಒತ್ತಿದ. ಆ ಸ್ಥಳಕ್ಕೆ ಇತ್ತೀಚೆಗೆ ಯಾರೂ ಹೋದಂತಿಲ್ಲ, ಆದ್ದರಿಂದ ಒಪ್ಪಲಾಗದು ಎಂದು ಉತ್ತರ ಬಂತು. ಬಳಿಕ ನಾನು ಶೌಚಾಲಯ ಇಲ್ಲ ಎಂದು ಒತ್ತಿದೆ. ನಾಲ್ಕುನೂರಕ್ಕೂ ಹೆಚ್ಚು ಜನ ಅಲ್ಲಿಗೆ ಹೋಗಿಬಂದು ಖಚಿತಪಡಿಸಿದ್ದಾರೆ, ಆದ್ದರಿಂದ ತೆಗೆಯಲಾಗದು ಎಂದು ಉತ್ತರ ಬಂತು. ಹೇಳಿಕೆ ಬರೆದುಕೊಳ್ಳುತ್ತಿರುವ ದಫೇದಾರರು, ಕಳೆದ ಭಾನುವಾರ ಸಂಸಾರ ಸಮೇತ ತಾವೂ ಅಲ್ಲಿಗೆ ಹೋಗಿದ್ದಾಗಿ ಹೇಳಿದರು. ಅದನ್ನು ಬರೆಯುವುದು ಬೇಡ ಎಂದರು. ಬರೆಯಲೇಬೇಕೆಂದು ನಾನು ಕೇಳಿಕೊಂಡಿದ್ದೇನೆ.

ದೂರುದಾರ ನನ್ನ ಮೊಣಕಾಲು ಮುಟ್ಟಿ, “ದಮ್ಮಯ್ಯ ಭಾವ, ಏನಾದ್ರೂ ದಾರಿ ಹೇಳಿ” ಎಂದ. ನನ್ನ ರಕ್ತ ಹರಿಯುತ್ತಿದ್ದಾಗ ನೀನು ಚಿತ್ರ ತೆಗೆಯುತ್ತಿದ್ದೆ ಎಂದೆ. ಕಾಲು ಹಿಂದಕ್ಕೆ ಎಳೆದುಕೊಂಡೆ.

ದಾರಿ ನನ್ನ ಬಳಿ ಇದೆ, ಆದರೆ ಅದು ನನಗೆ ಮಾತ್ರ. ಜನ ಎಲ್ಲಿಗೆ ಹೋಗುತ್ತಾರೋ ಅದೇ ತೆರೆದ ಜಾಗ ಎಂದು ಇಂದು ಯಂತ್ರಗಳೂ ಒಪ್ಪಿದ ಮೇಲೆ ನಾನು ಖಾಲಿ ರಸ್ತೆಯಲ್ಲಿ ಕೂತಿರಬೇಕಾಗಿಲ್ಲ. ಆ ಮನೆ ನನ್ನ ತಂಗಿಯ ಹೆಸರಿನಲ್ಲಿದೆ. ಗೇಟಿನ ಪಕ್ಕದ ಜಾಗವನ್ನು ಆಕೆ ಮೊನ್ನೆಯೇ ನನಗೆ ಬಿಟ್ಟುಕೊಟ್ಟಿದ್ದಾಳೆ. ಬರುವ ಸೋಮವಾರ ಕಂಪ್ರೆಸರ್ ಅಲ್ಲಿಗೆ ಹೋಗುತ್ತದೆ. ನಿಂತ ಬಸ್ಸಿನ ಟೈರು ತಟ್ಟುವವನು ನಾನು, ಇಳಿದ ಜನರಿಗೆ ಬಾಗಿಲು ತೆಗೆಯುವವನು ಅವನು. ನಾನು ಸ್ಟೂಲು ಹಾಕುವ ಜಾಗದಿಂದ ಬಚ್ಚಲಿನ ಬಾಗಿಲಿಗೆ ಹನ್ನೆರಡು ಅಡಿ. ಅಳೆದು ನೋಡಿಕೊಂಡೇ ಬಂದಿದ್ದೇನೆ. ಬ್ರಷ್ಷಿನ ಸಪ್ಪಳ ಚೆನ್ನಾಗಿ ಕೇಳಿಸುತ್ತದೆ.

ಮೇಲೆ ಹೇಳಿದ್ದೆಲ್ಲ ನಾನೇ ಮಾಡಿದ್ದು, ನಾನೇ ಹೇಳಿದ್ದು, ಸತ್ಯವಾದದ್ದು. ದಫೇದಾರರು ಓದಿ ಹೇಳಿದ್ದನ್ನು ಕೇಳಿ, ಎರಡು ಕಡೆ ಇನ್ನೊಮ್ಮೆ ಓದಿಸಿಕೊಂಡು, ಸಂತೋಷದಿಂದ ರುಜು ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಈ ತಿಂಗಳ ಹದಿನಾಲ್ಕು, ಶುಕ್ರವಾರ
(ರುಜು) ಟೈರ್ ಮಾಮ