ಅಬ್ರಹಾಮಪ್ಪನ ಶೋಕೇಸಿನ ಮಣ್ಣು

ಕಥೆ ಎಂದ ಮೇಲೆ ಅದರಲ್ಲೊಬ್ಬ ಶ್ರೀಮಂತ ಇರಲೇಬೇಕು, ಅಲ್ಲವೇ? ಬಡವರ ಕಥೆ ಹೇಳಿದರೆ ನೀವು ಗಡಿಯಾರ ನೋಡುತ್ತೀರಿ. ಅದಕ್ಕೇ ನನ್ನ ಕಥೆಯಲ್ಲೂ ಒಬ್ಬನನ್ನು ಕೂರಿಸಿದ್ದೇನೆ. ಹತ್ತಿ ಗಿರಣಿಯ ಯಜಮಾನ, ಚರ್ಚಿನ ಕಮಿಟಿಗೆ ಅಧ್ಯಕ್ಷ, ಹೆಸರು ಅಬ್ರಹಾಮಪ್ಪ. ಊರು ಯಾವುದೆಂದು ಈಗಲೇ ಕೇಳಬೇಡಿ.

ಈ ಅಬ್ರಹಾಮಪ್ಪ ಒಮ್ಮೆ ಪವಿತ್ರ ನಾಡಿಗೆ ಹೋಗಿ ಬಂದ. ಯಾತ್ರೆ ಹತ್ತು ದಿನದ್ದು, ಅದರ ಮಾತು ಹತ್ತು ವರ್ಷದ್ದು. ಏನೇನು ತಂದ ಅಂತೀರಿ? ಏಳು ಕವಲಿನ ದೀಪ, ಟಗರಿನ ಕೊಂಬಿನ ತುತ್ತೂರಿ, ಗೊಂಡೆ ಬಿಟ್ಟ ಪ್ರಾರ್ಥನೆಯ ಶಾಲು, ಗಾಜಿನ ಭರಣಿಯಲ್ಲಿ ಜೆರುಸಲೇಮಿನ ಮಣ್ಣು. ಎಲ್ಲ ಯೆಹೂದ್ಯರ ಸಾಮಾನು. ಎಲ್ಲವನ್ನೂ ನಡುಮನೆಯ ಶೋಕೇಸಿನಲ್ಲಿ ಜೋಡಿಸಿದ. ಕ್ರಿಸ್‌ಮಸ್ ದಿನ ಶಾಲು ಹೊದ್ದು ಬಂದು ಚರ್ಚಿನಲ್ಲಿ ತುತ್ತೂರಿ ಊದಿದ. ಗಾಳಿ ಬಂತು, ಸದ್ದು ಬರಲಿಲ್ಲ. ಸಭೆಯವರು ಚಪ್ಪಾಳೆ ಮಾತ್ರ ಜೋರಾಗಿಯೇ ತಟ್ಟಿದರು.

"ಇದೆಲ್ಲಾ ನಮ್ಮ ಹಿರಿಯರಿಂದ ಬಂದದ್ದರೀ," ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಯಾರ ಹಿರಿಯರು? ಕೇಳಿದವರಿಲ್ಲ. ಚಹಾ ಕೊಡುವವನಿಗೆ ಪ್ರಶ್ನೆ ಯಾರು ಕೇಳುತ್ತಾರೆ?

ಈಗ ನೋಡಿ, ಅದೇ ಊರಿನಲ್ಲಿ ಒಬ್ಬ ನಿಜವಾದ ಯೆಹೂದ್ಯನೂ ಇದ್ದ. ಏಲಿಜಾ ಚೌಲ್ಕರ್ ಎಂದು. ಕೊಂಕಣ ತೀರದವನು, ಮನೆಯಲ್ಲಿ ಮರಾಠಿ, ಬೀದಿಯಲ್ಲಿ ನಮ್ಮದೇ ಕನ್ನಡ. ಗಿರಣಿಗೆ ಮೆಕ್ಯಾನಿಕ್ ಆಗಿ ಬಂದವನು ಅಲ್ಲೇ ಮುದುಕನಾದ. ಶನಿವಾರ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ, ಉಳಿದ ದಿನ ಏನು ಕೊಟ್ಟರೂ ಸರಿ ಮಾಡುತ್ತಿದ್ದ. ಚರ್ಚಿನ ಹಾರ್ಮೋನಿಯಂ ಕೆಮ್ಮಿದಾಗಲೆಲ್ಲ ಅದನ್ನು ಬಿಚ್ಚಿ ಗುಣ ಮಾಡಿದವನು ಅವನೇ.

ಒಂದು ಶುಕ್ರವಾರ ಬೆಳಿಗ್ಗೆ ಅವನು ತೀರಿಕೊಂಡ. ಹೆಂಡತಿ ಸೆಗುಲಾಬಾಯಿಗೆ ಅಳುವುದಕ್ಕೂ ಪುರಸೊತ್ತಿಲ್ಲ. ಯಾಕೆಂದರೆ ಶುಕ್ರವಾರ ಹೊತ್ತು ಮುಳುಗಿದರೆ ಅವರಿಗೆ ಸಬ್ಬತ್ತು, ಕೆಲಸ ಮುಟ್ಟಬಾರದ ವಿಶ್ರಾಂತಿಯ ದಿನ, ಶುರು. ಆಮೇಲೆ ಮಣ್ಣು ಮಾಡುವಂತಿಲ್ಲ. ಅವರ ಸಮಾಧಿಭೂಮಿ ಇರುವುದು ಮುಂಬಯಿಯಲ್ಲಿ. ಅಲ್ಲಿಗೆ ಒಯ್ಯುವಷ್ಟು ಹೊತ್ತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳಲು ಬೇಸಿಗೆ ಬಿಡುವುದಿಲ್ಲ. ಆಕೆ ಚರ್ಚಿಗೆ ಬಂದು ಸಮಾಧಿಭೂಮಿಯ ಮೂಲೆಯಲ್ಲಿ ಆರಡಿ ಜಾಗ ಕೇಳಿದಳು.

ಕಮಿಟಿ ಕೂಡಿತು. ಯಾರು ಯಾರಿದ್ದರು ಗೊತ್ತೇ? ಅಧ್ಯಕ್ಷ ಅಬ್ರಹಾಮಪ್ಪ. ಅವನ ಬಲಕ್ಕೆ ಮೋಶೆ ಮಾಸ್ತರ. ಎಡಕ್ಕೆ ಯೋಬಪ್ಪ. ಬಾಗಿಲ ಹತ್ತಿರ ಸೊಲೊಮೋನ್ ಕಂಪೌಂಡರ್. ಚರ್ಚಿನ ಸಭಾಪಾಲಕರು ದಾವೀದನ ಕೀರ್ತನೆ ಓದಿ ಪ್ರಾರ್ಥನೆ ಮಾಡಿದರು. ಆಮೇಲೆ ಯೆಹೂದ್ಯ ಹೆಸರು ಹೊತ್ತ ಈ ಎಲ್ಲ ಪಿತಾಮಹರೂ ಸೇರಿ, ಊರಲ್ಲಿದ್ದ ಒಬ್ಬನೇ ಯೆಹೂದ್ಯನಿಗೆ ಜಾಗ ಕೊಡಬಹುದೇ ಎಂದು ವಿಚಾರ ಮಾಡಲು ಕುಳಿತರು. ನಗಬೇಡಿ, ಅವರು ಯಾರೂ ನಗಲಿಲ್ಲ.

ನಿಯಮ ಓದಿಸಿದರು. ಏಳನೆಯ ನಿಯಮ: ಸಮಾಧಿಭೂಮಿಯು ಕ್ರೈಸ್ತ ಹೆಸರುಳ್ಳವರಿಗೆ ಮಾತ್ರ.

ಮೋಶೆ ಮಾಸ್ತರ ಕನ್ನಡಕ ಏರಿಸಿ, "ಏಲಿಜಾ ಅಂದ್ರ ಕ್ರೈಸ್ತ ಹೆಸರ ಅಲ್ಲೇನ್ರೀ? ನಿಯಮದ ಪ್ರಕಾರ ಕೊಡಬೇಕಾಗ್ತದ," ಎಂದ.

ಅಬ್ರಹಾಮಪ್ಪನಿಗೆ ಸಿಟ್ಟು ಬಂತು. "ಹೆಸರು ನಮ್ಮದಾದ್ರ ಮನುಷ್ಯಾ ನಮ್ಮಾಂವ ಆಗ್ತಾನೇನು? ನಮ್ಮ ಹೆಸರು ಈ ಮಂದಿ ಯಾರನ್ನ ಕೇಳಿ ಇಟ್ಕೊಂಡಾರ?"

ಕೇಳಿಸಿಕೊಂಡಿರಾ? ಈ ಮಾತು ಹೇಳಿದವನ ಹೆಸರು ಅಬ್ರಹಾಮ!

ಸೆಗುಲಾಬಾಯಿ ಸೆರಗು ಸರಿಮಾಡಿಕೊಂಡು, "ಸಾಹೇಬ್ರ, ಅಬ್ರಹಾಮ ನಮ್ಮನಿ ಮುತ್ತ್ಯಾ. ಅವನ ಹೆಸರು ನೀವು ಇಟ್ಕೊಂಡಾಗ ನಾವೇನರ ಕೇಳಿದ್ವೇನ್ರೀ?" ಎಂದಳು.

ಯೋಬಪ್ಪ ಮೇಜು ಗುದ್ದಿದ. "ಯೇಸುಸ್ವಾಮಿನ್ನ ಕೊಂದ ಮಂದಿ ನೀವು!"

"ಯಾವಾಗ್ರೀ? ನಮ್ಮವ್ರು ನಿಮ್ಮ ಹಾರ್ಮೋನಿಯಂ ಪೆಟ್ಟಿಗಿ ರಿಪೇರಿ ಮಾಡ್ಕೋತ ಇಲ್ಲೇ ಇದ್ರಲ್ಲ. ನಿಮ್ಮ ಸ್ವಾಮಿ ತಾಯಿನೂ ನಮ್ಮಾಕಿನರೀ. ಆಕಿ ಬಂದು ಜಾಗಾ ಕೇಳಿದ್ರೂ ಹಿಂಗ ಅಂತೀರೇನು?"

ಉತ್ತರ ಇಲ್ಲದಾಗ ಕಮಿಟಿಗಳು ಏನು ಮಾಡುತ್ತವೆ? ಓಟು ಹಾಕುತ್ತವೆ. ಎಲ್ಲರ ಕೈ ಮೇಲೆ ಹೋಯಿತು, ಮೋಶೆ ಮಾಸ್ತರನದೂ ಹೋಯಿತು. ಜಾಗ ಇಲ್ಲ.

ಆದರೆ ಅಬ್ರಹಾಮಪ್ಪ ದೊಡ್ಡ ಮನಸ್ಸಿನವನು. ಯೆಹೂದ್ಯರು ಸತ್ತವರ ತಲೆಯ ಕೆಳಗೆ ಜೆರುಸಲೇಮಿನ ಮಣ್ಣು ಇಡುತ್ತಾರೆಂದು ಯಾತ್ರೆಯಲ್ಲಿ ಕೇಳಿದ್ದ. ಮನೆಗೆ ಆಳು ಕಳಿಸಿ ಭರಣಿ ತರಿಸಿದ. ಒಂದು ಚಿಟಿಕೆ, ನೆನಪಿಡಿ, ಒಂದೇ ಚಿಟಿಕೆ ಮಣ್ಣನ್ನು ಕಾಗದದಲ್ಲಿ ಕಟ್ಟಿ ವಿಧವೆಯ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡ. ಅವರ ಊರಿನ ಮಣ್ಣನ್ನು ಅವರಿಗೇ ದಾನ ಮಾಡಿದ, ತನ್ನ ಊರಿನ ಮಣ್ಣು ಮಾತ್ರ ಕೊಡಲಿಲ್ಲ. ಆ ಫೋಟೋ ಈಗಲೂ ಅವನ ಶೋಕೇಸಿನಲ್ಲಿದೆ.

ಸೆಗುಲಾಬಾಯಿ ಹೊರಗೆ ಬಂದಾಗ ಮೂರು ಗಂಟೆ. ಗೇಟಿನ ಬಳಿ ಸೇವಂತಿಗೆ ಮಾರುವ ನೀಲವ್ವ ಹೂಗಾರ ಕೂತಿದ್ದಳು. ಲಿಂಗಾಯತರಾಕೆ, ಊರ ಹೊರಗೆ ಅರ್ಧ ಎಕರೆ ಹೂವಿನ ಹೊಲ. ವಿಷಯ ಕೇಳಿದಳು. ಹೆಸರು ಕೇಳಲಿಲ್ಲ, ನಿಯಮ ಕೇಳಲಿಲ್ಲ, ಯಾರನ್ನು ಯಾರು ಕೊಂದರೆಂದು ಕೇಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದಳು.

"ಯವ್ವಾ, ನಮ್ಮಂಗ ಕುಂದ್ರಿಸಿ ಮಣ್ಣ ಕೊಡ್ತೀರೋ, ಮಲಗಿಸಿ ಕೊಡ್ತೀರೋ?"

"ಮಲಗಿಸಿರೀ."

"ಹಂಗಾರ ಕುಣಿ ಉದ್ದ ತೋಡಬೇಕು, ಹೊತ್ತಾಗ್ತದ. ನಡೀರಿ," ಎಂದು ಬುಟ್ಟಿ ಅಲ್ಲೇ ಬಿಟ್ಟು ಎದ್ದಳು.

ಹೊತ್ತು ಮುಳುಗುವ ಮೊದಲು ಏಲಿಜಾ ಸೇವಂತಿಗೆಯ ಹೊಲದ ಅಂಚಿನಲ್ಲಿ ಮಣ್ಣಾದ. ಸೆಗುಲಾಬಾಯಿ ಒಂದು ಸಣ್ಣ ಪುಸ್ತಕ ತೆಗೆದು ತಮ್ಮ ಪ್ರಾರ್ಥನೆಯ ಭಾಷೆಯಲ್ಲಿ ಏನೋ ಹಾಡಿದಳು. ಏನದು ಎಂದು ನೀಲವ್ವ ಕೇಳಿದ್ದಕ್ಕೆ, "ದಾವೀದನ ಹಾಡವ್ವ. ದೇವ್ರು ಕುರುಬನಂಗ ನಮ್ಮನ್ನ ಕಾಯ್ತಾನ ಅಂತ," ಎಂದಳು. ಬೇಲಿಯ ಆಚೆ ಒಬ್ಬ ನಿಂತು ಕೇಳುತ್ತಿದ್ದ. ಒಳಗೆ ಬರಲು ಅವನಿಗೆ ಮುಖವಿರಲಿಲ್ಲ. ಮಧ್ಯಾಹ್ನ ಕಮಿಟಿಯಲ್ಲಿ ಅದೇ ಕೀರ್ತನೆ ಓದಿ, ಅದರ ಬೆನ್ನಿಗೇ ಏಳನೆಯ ನಿಯಮವನ್ನೂ ಓದಿದ ಸಭಾಪಾಲಕ ಅವನು.

ಆ ಸಭಾಪಾಲಕ ನಾನೇ. ಈ ನಿಮ್ಮ ಚರ್ಚಿಗೆ ಸಭಾಪಾಲಕನಾಗಿ ಬರುವ ಮೊದಲು ಅದೇ ನನ್ನ ಊರು. ಆ ದಿನ ಬಾಯಿ ಬಿಡಲಿಲ್ಲ, ಅಧ್ಯಕ್ಷರಿಗೆ ಹೆದರಿದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಈಗ ನೀವು ನಿಟ್ಟುಸಿರು ಬಿಡುತ್ತಿದ್ದೀರಿ. ಅಯ್ಯೋ, ಆ ಊರಿನವರು ಎಂಥವರಪ್ಪಾ, ಅಂತ. ಸ್ವಲ್ಪ ತಡೆಯಿರಿ. ನಿನ್ನೆ ನಿಮ್ಮ ಚರ್ಚಿನ ನಿಯಮದ ಪುಸ್ತಕ ಓದಿದೆ. ಹನ್ನೊಂದನೆಯದು, ಅದೇ ಮಾತು, ಒಂದಕ್ಷರ ಬದಲಿಲ್ಲ. ನಿಮ್ಮ ಶುಭ ಶುಕ್ರವಾರದ ಶಿಲುಬೆ ನಾಟಕದ ವೇಷದ ಪೆಟ್ಟಿಗೆಯನ್ನೂ ನೋಡಿದೆ. ಯೆಹೂದ್ಯರಿಗೆಂದು ಕರೀ ಗಡ್ಡ, ಕರೀ ನಿಲುವಂಗಿ. ಯೇಸುವಿಗೂ ಶಿಷ್ಯರಿಗೂ ಬಿಳಿ. ಹಾಗಾದರೆ ಯೇಸು ಯಾರು, ಧಾರವಾಡದವನೇ?

ಆ ಗಡ್ಡಗಳನ್ನು ಈ ವಾರವೇ ಸುಡಿ. ಮಕ್ಕಳ ಪಾಠದಲ್ಲಿ 'ಕೊಂದ ಮಂದಿ' ಎನ್ನುವ ಮಾತು ಇನ್ನು ಮೇಲೆ ಯಾರ ಬಾಯಲ್ಲೂ ಬರಬಾರದು. ಮಗುವಿಗೆ ದಾನಿಯೇಲ, ರೆಬೆಕ್ಕ ಎಂದು ಹೆಸರಿಡುವ ದಿನ, ಅದು ಯಾರ ಮನೆಯ ಹೆಸರೆಂದು ಆ ತೊಟ್ಟಿಲ ಬಳಿಯೇ ಹೇಳಿ. ಇನ್ನು ಸಮಾಧಿಭೂಮಿಯ ಆ ನಿಯಮ. ಪುಸ್ತಕ ಒಳಕೋಣೆಯ ಮೇಜಿನ ಮೇಲಿದೆ, ಆ ಸಾಲಿಗೆ ನಾನು ಅಡ್ಡಗೆರೆ ಎಳೆದಾಗಿದೆ, ಕಮಿಟಿಯ ಸಹಿ ಮಾತ್ರ ಬಾಕಿ.

ಈಗ ಎಲ್ಲರೂ ಎದ್ದು ಕುರುಬನ ಕೀರ್ತನೆ ಹಾಡೋಣ. ಕಮಿಟಿಯವರು ಹಾಡುವುದು ಬೇಡ. ನೀವು ಒಳಗೆ ಹೋಗಿ ಸಹಿ ಮಾಡಿ ಬನ್ನಿ, ಅಲ್ಲಿಯವರೆಗೆ ನಾವು ಮತ್ತೆ ಮತ್ತೆ ಹಾಡುತ್ತಲೇ ಇರುತ್ತೇವೆ.