ಗುಂಡಯ್ಯನವರ ಕತ್ತಿಯ ಬಿಳಿ ಹಿಡಿ

ನನ್ನ ಹೆಸರು ಬೈರಯ್ಯ ಬಿನ್ ಲೇಟ್ ಗುಂಡಯ್ಯ, 58 ವರ್ಷ, ಕ್ಷೌರಿಕ ವೃತ್ತಿ, ವಾಸ ಶಾಂತಿಗ್ರಾಮ, ಹಾಸನ ತಾಲ್ಲೂಕು. ಈ ದಿನ ಸಂಜೆ 4.10ಕ್ಕೆ ನಾನಾಗಿಯೇ ಠಾಣೆಗೆ ಹಾಜರಾಗಿ ತಿಳಿಸುವುದೇನೆಂದರೆ,

ನಮ್ಮ ತಂದೆಯವರ ಬಳಿ ಮಡಿಚುವ ಹಳೆಯ ಕ್ಷೌರದ ಕತ್ತಿ ಇತ್ತು. ಅದರ ಬಿಳಿ ಹಿಡಿ ಆನೆದಂತದ್ದು, ನಮ್ಮ ಅಂಗಡಿಗಿಂತ ಹೆಚ್ಚು ಬೆಲೆ ಬಾಳುತ್ತದೆ ಎಂದು ಅವರು ಹೇಳುತ್ತಿದ್ದರು. 2017ರ ಜೂನ್‌ನಲ್ಲಿ ಅವರಿಗೆ ಲಕ್ವ ಹೊಡೆಯಿತು. ತಮ್ಮನ್ನು ಕಡೆತನಕ ನೋಡಿಕೊಳ್ಳುವವನಿಗೆ ಕತ್ತಿ, ಇನ್ನೊಬ್ಬನಿಗೆ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿ ಎಂದು ತಿಳಿಸಿದರು. ನಾನು ಕತ್ತಿಗೆ ಒಪ್ಪಿದೆ. ಅಂಗಡಿ ತಮ್ಮ ಕುಮಾರನ ಪಾಲಾಯಿತು. ಅವರು ತೀರಿಕೊಳ್ಳುವವರೆಗೆ ಆರು ವರ್ಷ ನಾಲ್ಕು ತಿಂಗಳು ನಾನು ಮತ್ತು ನನ್ನ ಹೆಂಡತಿ ನೀಲಾಂಬಿಕೆ ತಂದೆಯ ಮಲಮೂತ್ರ ತೆಗೆದೆವು. ದಿನ ಬಿಟ್ಟು ದಿನ ಅದೇ ಕತ್ತಿಯಿಂದ ಅವರ ಗಡ್ಡ ತೆಗೆಯುತ್ತಿದ್ದೆ. ಬಾಯಿ ಸೊಟ್ಟಗಾಗಿದ್ದರಿಂದ ಎಡಗೆನ್ನೆಯನ್ನು ಬೆರಳಿನಿಂದ ಎಳೆದು ಹಿಡಿಯಬೇಕಾಗುತ್ತಿತ್ತು.

ದಂತ ಮನೆಯಲ್ಲಿಡುವುದು ಅಪರಾಧವೆಂದು ಪತ್ರಿಕೆಯಲ್ಲಿ ಓದಿ, ಈ ದಿನ ಬೆಳಿಗ್ಗೆ 10.45ಕ್ಕೆ ಹಾಸನದ ಅರಣ್ಯ ಕಚೇರಿಗೆ ಕತ್ತಿಯನ್ನು ಒಪ್ಪಿಸಲು ಹೋದೆ. ಅಧಿಕಾರಿಯವರು ಭೂತಗನ್ನಡಿಯಲ್ಲಿ ನೋಡಿ, ದಂತದಲ್ಲಿ ಬಲೆಯಂತೆ ಗೆರೆಗಳು ಒಂದನ್ನೊಂದು ಹಾಯುತ್ತವೆ, ಇದರಲ್ಲಿ ಎಲ್ಲವೂ ನೆಟ್ಟಗಿವೆ ಎಂದರು. ಹಿಡಿಯನ್ನು ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿ ನನಗೇ ಮೂಸಲು ಕೊಟ್ಟರು. ಕರ್ಪೂರದ ವಾಸನೆ ಬಂತು. ಇದು ಸೆಲ್ಯುಲಾಯ್ಡ್, ಹಿಂದೆ ಬಾಚಣಿಗೆ ಮಾಡುತ್ತಿದ್ದ ಪ್ಲಾಸ್ಟಿಕ್, ಯಾವ ಕೇಸೂ ಆಗುವುದಿಲ್ಲ, ನೆಮ್ಮದಿಯಾಗಿ ಮನೆಗೆ ಹೋಗಿ ಎಂದು ತಿಳಿಸಿದರು.

12.50ಕ್ಕೆ ಬಸ್ ಇಳಿದು ಕುಮಾರನ ಅಂಗಡಿಗೆ ಹೋಗಿ ವಿಷಯ ಹೇಳಿದೆ. ಆತ ಗಿರಾಕಿಯ ತಲೆ ಬಾಚುತ್ತಲೇ, "ನಂಗೆ ಗೊತ್ತಿತ್ತು ಕಣಣ್ಣಯ್ಯ. ಅಪ್ಪನೇ ಏಳಿತ್ತು. ದಂತ ಅಂದ್ರೆ ದೊಡ್ಡೋನು ನನ್ನ ಬುಟ್ಟು ಓಗಕ್ಕಿಲ್ಲ ಅಂತ" ಎಂದನು. ನಾನು ಕೈಗೆ ಸಿಕ್ಕ ಸ್ಟೂಲನ್ನು ಎಸೆದೆ. ಆತನಿಂದ ಎರಡು ಅಡಿ ದೂರದ ಕನ್ನಡಿ ಒಡೆದು, ಚೂರು ಆತನ ಹುಬ್ಬಿಗೆ ತಗುಲಿತು. ನಾನೇ ಟವಲ್ ಒತ್ತಿ ಹಿಡಿದು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ನಾಲ್ಕು ಹೊಲಿಗೆ ಹಾಕಿರುತ್ತಾರೆ. ಕುಮಾರನು ವೈದ್ಯರಿಗೆ ತಾನೇ ಜಾರಿ ಬಿದ್ದೆನೆಂದು ಹೇಳಿರುತ್ತಾನೆ. ಅದು ನಿಜವಲ್ಲ.

ಕತ್ತಿ ಇಲ್ಲದಿದ್ದರೂ ನಾನು ತಂದೆಯನ್ನು ನೋಡಿಕೊಳ್ಳುತ್ತಿದ್ದೆ. ನೋಡಿಕೊಳ್ಳುತ್ತೀಯಾ ಎಂದು ಅವರು ಕೇಳಲಿಲ್ಲ.

ತಂದೆಯವರು ಸುಳ್ಳು ಹೇಳಿದ್ದರೆಂಬ ಭಾಗವನ್ನು ಬರೆಯಬೇಡಿರೆಂದು ಠಾಣೆಯ ಸಾಹೇಬರನ್ನು ಕೇಳಿಕೊಂಡೆ. ಅದನ್ನು ಬಿಟ್ಟರೆ ಸ್ಟೂಲ್ ಎಸೆದದ್ದಕ್ಕೆ ಕಾರಣವೇ ಇರುವುದಿಲ್ಲ ಎಂದರು. ಆದ್ದರಿಂದ ಬರೆಯಲು ಒಪ್ಪಿರುತ್ತೇನೆ.

ಇದನ್ನು ನನಗೆ ಎರಡು ಸಲ ಓದಿ ಹೇಳಿದ್ದು, ಎಲ್ಲವೂ ನಡೆದಂತೆಯೇ ಇರುತ್ತದೆ.

ಸ್ಥಳ: ಶಾಂತಿಗ್ರಾಮ
ದಿನಾಂಕ: 11-03-2025
(ಸಹಿ) ಬೈರಯ್ಯ